ಆ ‘ವರೆಗೆ’ ಎಲ್ಲಿತ್ತು ಸ್ವಾಮಿ?

ಗುಬ್ಬಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಓದುಗರೊಬ್ಬರು ಎರಡು ಹಾಳೆ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: “ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ದೊಡ್ಡ ಕಂಪನಿಗಳ ಜಾಹೀರಾತುಗಳನ್ನು ಚೆನ್ನಾಗಿ ಜಾಡಿಸಿದ್ದೀರಿ. ಓದೋಕೆ ಮಜಾ ಬಂತು. ಆದರೆ ಅಲ್ಲಿ ಕೂತಿರೋರು ದಡ್ಡರಲ್ಲ. ಮನುಷ್ಯರು ಅಂದ ಮೇಲೆ ಒಂದೆರಡು ಎಡವಟ್ಟು ಆಗುತ್ತೆ. ಮೂವತ್ತು ವರ್ಷದಿಂದ ಗಲ್ಲಾದ ಮೇಲೆ ಕೂತು ನೋಡ್ತಾ ಇದ್ದೀನಿ. ಟಿವಿಯಲ್ಲಿ ಬಂದರೆ ಮಾರನೇ ದಿನ ಮಾಲು ಹೋಗುತ್ತೆ. ಅಷ್ಟಕ್ಕೂ ನಿಮ್ಮ ಪತ್ರಿಕೆಯ ಹಿಂಬದಿ ರಟ್ಟಿನಲ್ಲಿ ಇರೋದು ಏನು?”

ಕೊನೆಯ ಸಾಲು ನಾಟಿತು. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಜಾಹೀರಾತು ಇಲ್ಲದಿದ್ದರೆ ಈ ಪತ್ರಿಕೆಯ ಕಾಗದದ ಬಿಲ್ಲೂ ಹುಟ್ಟುವುದಿಲ್ಲ. ಒಳ್ಳೆಯ ಜಾಹೀರಾತೂ ಇವೆ. ಡಾ. ರಾಜ್‌ಕುಮಾರ್ ಒಂದು ಕಾಸೂ ಮುಟ್ಟದೆ ನಂದಿನಿ ಹಾಲಿನ ಪರವಾಗಿ ನಿಂತಿದ್ದನ್ನು ನಮ್ಮ ಹೆಂಗಸರು ಇವತ್ತಿಗೂ ಹೇಳುತ್ತಾರೆ. ಎಡವಟ್ಟಿನ ಮಾತೂ ಸರಿಯೇ. 2017ರಲ್ಲಿ ಪೆಪ್ಸಿಯವರು ಒಂದು ಜಾಹೀರಾತು ಮಾಡಿದರು. ಬೀದಿಯಲ್ಲಿ ಜನ ಪ್ರತಿಭಟನೆ ಮಾಡುತ್ತಿರುತ್ತಾರೆ. ರೂಪದರ್ಶಿ ಕೆಂಡಾಲ್ ಜೆನ್ನರ್ ಹೋಗಿ ಪೊಲೀಸಿನವನ ಕೈಗೆ ಒಂದು ಕ್ಯಾನ್ ಪೆಪ್ಸಿ ಕೊಡುತ್ತಾಳೆ. ಅವನು ಕುಡಿಯುತ್ತಾನೆ, ಜಗಳ ಮುಗಿಯಿತು! ಲೋಕವೆಲ್ಲ ಉಗಿದ ಮೇಲೆ ಮಾರನೇ ದಿನವೇ ವಾಪಸ್ ತೆಗೆದುಕೊಂಡರು. ಇಂಥದ್ದಕ್ಕೆ ನಕ್ಕು ಸುಮ್ಮನಾಗಬಹುದು. ನನಗೆ ಸಿಟ್ಟು ಬರುವುದು ಬೇರೆ ಕಡೆ. ಅಕ್ಷರದ ಗಾತ್ರದ ವಿಷಯದಲ್ಲಿ.

ಕಳೆದ ದೀಪಾವಳಿಯಲ್ಲಿ ಬೆಳಿಗ್ಗೆ ಪೇಪರಿನ ಒಳಗಿಂದ ಒಂದು ಕರಪತ್ರ ಬಿತ್ತು. ಹೆಸರು ಬೇಡ, ತುಮಕೂರಿನದೇ ಒಂದು ದೊಡ್ಡ ಮಳಿಗೆ. ಕೆಂಪು ಅಕ್ಷರದಲ್ಲಿ, ಅಂಗೈ ಅಗಲಕ್ಕೆ ‘ಶೇ. 50 ರಿಯಾಯಿತಿ’. ಮನೆಯ ವಾಷಿಂಗ್ ಮೆಷಿನ್ ಆರು ತಿಂಗಳಿಂದ ಗೊರಗೊರ ಅನ್ನುತ್ತಿತ್ತು. ಹೋದೆ. ಬಾಗಿಲಲ್ಲಿ ಕುಂಕುಮ, ಕೈಗೆ ಒಂದು ಪೇಡ. ಒಳಗಿದ್ದ ಹುಡುಗ ಪಾಪ ವಿನಯವಂತ. “ಸಾರ್, ಅದು ಒಂದೇ ಮಾಡೆಲ್‌ಗೆ. ಬೆಳಿಗ್ಗೇನೇ ಖಾಲಿ ಆಯ್ತು. ಇದಕ್ಕೆ ಆರು ಪರ್ಸೆಂಟ್ ಮಾಡಿಕೊಡ್ತೀನಿ” ಅಂದ. ಬರಿಗೈಯಲ್ಲಿ ಮನೆಗೆ ಬಂದೆ. ಮನೆಯವಳು ನನ್ನ ಮೇಜಿನ ಮೇಲಿದ್ದ ಭೂತಗನ್ನಡಿ ತೆಗೆದುಕೊಂಡು ಕರಪತ್ರ ನೋಡಿದಳು. ಮೂಲೆಯಲ್ಲಿ ಚೆಂಡುಹೂವಿನ ಚಿತ್ರ. ಅದರ ಎಸಳಿನ ಕೆಳಗೆ, ಇರುವೆ ಗಾತ್ರದಲ್ಲಿ ‘ವರೆಗೆ’. “ನಲವತ್ತು ವರ್ಷ ಪ್ರೂಫ್ ತಿದ್ದಿದವರಿಗೆ ಒಂದು ‘ವರೆಗೆ’ ಕಾಣಲಿಲ್ವಾ?” ಅಂದಳು. ಹಳೇ ಮೆಷಿನ್ ಇನ್ನೂ ಗೊರಗೊರ ಅನ್ನುತ್ತಲೇ ಇದೆ.

ನೀವು ಇದನ್ನು ಎಡವಟ್ಟು ಅನ್ನುತ್ತೀರಾ? ಆ ಹೂವನ್ನು ಅಲ್ಲಿ ಯಾರೋ ಲೆಕ್ಕ ಹಾಕಿಯೇ ಇಟ್ಟಿದ್ದಾರೆ.

ಈ ಲೆಕ್ಕ ದೊಡ್ಡವರಿಗೇ ತಿರುಗಿ ಹೊಡೆದದ್ದೂ ಉಂಟು. ಕಸ ಗುಡಿಸುವ ಯಂತ್ರ ಮಾಡುವ ಇಂಗ್ಲೆಂಡಿನ ಹೂವರ್ ಕಂಪನಿ 1992ರಲ್ಲಿ ಒಂದು ಕೊಡುಗೆ ಕೊಟ್ಟಿತು. ನೂರು ಪೌಂಡಿನ ಮಾಲು ಕೊಂಡರೆ ವಿಮಾನದ ಎರಡು ಟಿಕೆಟ್ ಪುಕ್ಕಟೆ. ಮೊದಲು ಯೂರೋಪಿಗೆ, ಆಮೇಲೆ ಅಮೆರಿಕಕ್ಕೂ. ಫಾರಂ ಮೇಲೆ ಫಾರಂ ತುಂಬಬೇಕು, ಗಡುವು ತಪ್ಪಬಾರದು. ಬಹಳ ಜನ ನಡುವೆಯೇ ಕೈ ಬಿಡುತ್ತಾರೆ ಅನ್ನುವುದು ಕಂಪನಿಯ ಎಣಿಕೆ. ಜನ ಬಿಡಲಿಲ್ಲ. ಕಸ ಗುಡಿಸುವ ಯಂತ್ರ ಬೇಡದವರೂ ಟಿಕೆಟ್ಟಿಗೋಸ್ಕರ ಅದನ್ನು ಕೊಂಡರು. ಸಣ್ಣ ಅಕ್ಷರವನ್ನೂ ಕೂತು ಓದಿದರು, ಫಾರಂ ತುಂಬಿದರು, ಟಿಕೆಟ್ ಸಿಗದಿದ್ದಾಗ ಕೋರ್ಟಿಗೆ ಹೋದರು. ಕಂಪನಿಗೆ ಬಿದ್ದ ಹೊಡೆತ ಸುಮಾರು 5 ಕೋಟಿ ಪೌಂಡ್. ಇದನ್ನು ನೆನೆಸಿಕೊಂಡರೆ, ಸುಳ್ಳು ಯಾಕೆ, ಈಗಲೂ ನನಗೆ ಖುಷಿಯಾಗುತ್ತದೆ.

ಅದೇ ವರ್ಷ ಫಿಲಿಪ್ಪೀನ್ಸಿನಲ್ಲಿ ನಡೆದದ್ದು ನೆನೆಸಿಕೊಂಡು ಖುಷಿಪಡುವಂಥದ್ದಲ್ಲ. ಪೆಪ್ಸಿ ಬಾಟಲಿಯ ಮುಚ್ಚಳದ ಒಳಗೆ ಒಂದು ನಂಬರ್. ಟಿವಿಯಲ್ಲಿ ಹೇಳುವ ನಂಬರ್ ಬಂದರೆ ದೊಡ್ಡ ಬಹುಮಾನ 10 ಲಕ್ಷ ಪೆಸೊ. 1992ರ ಮೇ ತಿಂಗಳಲ್ಲಿ ಒಂದು ರಾತ್ರಿ 349 ಅಂತ ಹೇಳಿದರು. ಆ ನಂಬರಿನ ಮುಚ್ಚಳಗಳು ತಪ್ಪಾಗಿ ಲಕ್ಷಗಟ್ಟಲೆ ಅಚ್ಚಾಗಿದ್ದವು. ಮುಚ್ಚಳ ಹಿಡಿದುಕೊಂಡು ಬಂದ ಕೂಲಿಯವರು, ರಿಕ್ಷಾದವರು, ಮನೆಕೆಲಸದವರು ಗೇಟಿನ ಮುಂದೆ ನಿಂತರು. ಕಂಪನಿ ಏನು ಹೇಳಿತು ಗೊತ್ತಾ? ನಂಬರ್ ಸರಿ, ಆದರೆ ಅದರ ಜೊತೆಗಿನ ಭದ್ರತಾ ಸಂಕೇತ ಸರಿಯಿಲ್ಲ. ಆಮೇಲೆ ತಲೆಗೆ 500 ಪೆಸೊ ಕೊಡುತ್ತೇವೆ ಅಂದರು. ಲಾರಿಗಳಿಗೆ ಬೆಂಕಿ ಬಿತ್ತು, ಬಾಂಬ್ ಎಸೆದರು, ಜೀವಗಳೂ ಹೋದವು. ನಂಬರನ್ನು ಊರಿಗೆಲ್ಲ ಸಾರಿದವರು ಸಂಕೇತದ ವಿಷಯವನ್ನೂ ಅಷ್ಟೇ ಜೋರಾಗಿ ಹೇಳಬೇಕಿತ್ತು ಅಲ್ವಾ?

ಒಮ್ಮೊಮ್ಮೆ ದೊಡ್ಡ ಅಕ್ಷರವೇ ಕಚ್ಚುತ್ತದೆ. ನ್ಯಾನೊ ಕಾರು ನೋಡಿ. 2009ರಲ್ಲಿ ಮಾರಾಟಕ್ಕೆ ಬಂದಾಗ ಎಲ್ಲರ ಬಾಯಲ್ಲೂ ‘ಲಕ್ಷ ರೂಪಾಯಿ ಕಾರು’. ಸ್ಕೂಟರಿನಲ್ಲಿ ನಾಲ್ಕು ಜನ ಮಳೆಯಲ್ಲಿ ನೆನೆಯುವುದನ್ನು ನೋಡಿ ಹುಟ್ಟಿದ ಕಾರು ಅದು. ಒಳ್ಳೆಯ ಯೋಚನೆ. ಆದರೆ ಅಗ್ಗದ ಕಾರು ಅಂತ ಹಣೆಪಟ್ಟಿ ಹಚ್ಚಿ ಬಿಟ್ಟರೆ ಯಾವ ಅಳಿಯ ಅದರಲ್ಲಿ ಮಾವನ ಮನೆಗೆ ಹೋಗುತ್ತಾನೆ? ನಮ್ಮ ಬೀದಿಯಲ್ಲಿ ಒಬ್ಬರು ತಂದರು. ಹಳದಿ ಬಣ್ಣದ್ದು. ಚೆನ್ನಾಗಿಯೇ ಓಡುತ್ತಿತ್ತು. ಮದುವೆ ಮನೆಗೆ ಹೋದರೆ ಮಾತ್ರ ಛತ್ರದ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ ನಡೆದುಕೊಂಡು ಬರುತ್ತಿದ್ದರು. ಅಗ್ಗದ ಕಾರು ಅಂತ ಬಿಂಬಿಸಿದ್ದು ತಪ್ಪಾಯಿತು ಎಂದು ರತನ್ ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು. 2018ರ ಹೊತ್ತಿಗೆ ಕಾರು ತಯಾರಾಗುವುದೇ ನಿಂತಿತು.

ತಪ್ಪು ಒಪ್ಪಿಕೊಳ್ಳುವ ಮಾತು ಬಂತು. 2024ರ ಏಪ್ರಿಲ್‌ನಲ್ಲಿ ಪತಂಜಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಳಿದ ಒಂದು ಪ್ರಶ್ನೆಯನ್ನು ಕತ್ತರಿಸಿ ನನ್ನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ದಾರಿ ತಪ್ಪಿಸುವ ಜಾಹೀರಾತುಗಳಿಗಾಗಿ 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿದ್ದೇವೆ ಎಂದು ಕಂಪನಿಯವರು ಹೇಳಿದರು. ನಿಮ್ಮ ಜಾಹೀರಾತು ಎಷ್ಟು ದೊಡ್ಡದಿರುತ್ತಿತ್ತೋ ಕ್ಷಮೆಯೂ ಅಷ್ಟೇ ದೊಡ್ಡದಿತ್ತಾ ಎಂದು ಕೋರ್ಟ್ ಕೇಳಿತು. ಅಷ್ಟೇ. ನಾನು ಇಷ್ಟು ವರ್ಷ ಈ ಅಂಕಣದಲ್ಲಿ ಬಾಯಿ ಬಡಿದುಕೊಂಡದ್ದನ್ನು ನ್ಯಾಯಮೂರ್ತಿಗಳು ಒಂದೇ ಪ್ರಶ್ನೆಯಲ್ಲಿ ಮುಗಿಸಿದರು. ಮಾರನೇ ದಿನ ಹಿಂದಿನದಕ್ಕಿಂತ ದೊಡ್ಡ ಕ್ಷಮೆ ಅಚ್ಚಾಯಿತು.

ಕಾನೂನು ಇಲ್ಲವೇ ಅಂದರೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 50 ಲಕ್ಷದವರೆಗೆ. (ನೋಡಿ, ಇಲ್ಲೂ ‘ವರೆಗೆ’!) ಕ್ರಿಕೆಟ್ ಪಂದ್ಯದ ನಡುವೆ ಸುರಿಯುವ ದುಡ್ಡಿನ ಮುಂದೆ ಇದು ಎಲೆ ಅಡಿಕೆ ಕಾಸು. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಇನ್ನೂ ಚೆನ್ನಾಗಿದೆ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿ ಇರಬೇಕು. ಕೊಡಲು ಸಾಕಷ್ಟು ಮಾಲು ಇಲ್ಲದೆ ರಿಯಾಯಿತಿಯ ಗಾಳ ಹಾಕಬಾರದು. ಚೆಂಡುಹೂವಿನವರು ಇದನ್ನು ಓದಿಲ್ಲ ಅಂತ ಕಾಣುತ್ತೆ.

ಇನ್ನು ಭಾಷೆ. ಮುಂಬೈಯಲ್ಲಿ ಹಿಂದಿಯಲ್ಲಿ ಬರೆದದ್ದನ್ನು ಯಾರೋ ಕನ್ನಡಕ್ಕೆ ತಿರುಚುತ್ತಾರೆ. ತುಟಿ ಒಂದು ಹೇಳುತ್ತದೆ, ಧ್ವನಿ ಇನ್ನೊಂದು. ತಾಯಿ ಮಗನನ್ನು ‘ನೀವು’ ಅನ್ನುತ್ತಾಳೆ. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯ ಸಾಲು ಕೇಳಿದ್ದೀರಲ್ಲ? ಮುಹೂರ್ತ ಮೀರಿದಾಗ ಪುರೋಹಿತರು ಸಂಕಲ್ಪ ಹೇಳುವ ಹಾಗೆ ಒಂದೇ ಉಸಿರಿಗೆ ಮುಗಿಯುತ್ತದೆ. ದುಡ್ಡು ಹೋಗಬಹುದು ಅನ್ನುವ ಒಂದೇ ಒಂದು ಸತ್ಯ ಅದರಲ್ಲಿದೆ, ಅದೇ ಕಿವಿಗೆ ಬೀಳುವುದಿಲ್ಲ. ಕ್ಷಮೆ ಕೇಳುವ ಹೊತ್ತಿಗಂತೂ ಕನ್ನಡ ಪೂರ್ತಿ ಮರೆತುಹೋಗುತ್ತದೆ. ಸೋಪು ಮಾರಲು ಬೇಕಾದ ಭಾಷೆ ತಪ್ಪಾಯಿತು ಅನ್ನಲು ಬೇಡವಾ?

ನಮ್ಮವರನ್ನೂ ಬಿಡುವ ಹಾಗಿಲ್ಲ. 1916ರಿಂದ ನಡೆದುಬಂದ ಮೈಸೂರು ಸ್ಯಾಂಡಲ್ ಸೋಪಿಗೆ 2025ರಲ್ಲಿ ತಮನ್ನಾ ಅವರನ್ನು ರಾಯಭಾರಿ ಮಾಡಿದರು. ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ. ಹೊರ ರಾಜ್ಯದಲ್ಲಿ ಮಾರಾಟ ಹೆಚ್ಚಬೇಕು ಅಂತ ಸರ್ಕಾರ ಕಾರಣ ಕೊಟ್ಟಿತು. ಕನ್ನಡದ ನಟಿಯರು ಇರಲಿಲ್ಲವೇ ಅಂತ ಜನ ಜಗಳಕ್ಕೆ ಬಿದ್ದರು. ನನ್ನ ತಕರಾರು ಅದಲ್ಲ. ಬಚ್ಚಲ ಬಾಗಿಲು ತೆಗೆದರೆ ನಡುಮನೆಯವರೆಗೆ ಬರುವ ಘಮಕ್ಕೆ ರಾಯಭಾರಿ ಯಾಕೆ?

ಮೂವತ್ತು ವರ್ಷ ಗಲ್ಲಾದ ಮೇಲೆ ಕೂತವರು ನೀವು. ನಿಮ್ಮ ತಲೆಯ ಹಿಂದೆ ಒಂದು ಬೋರ್ಡು ಇದ್ದೇ ಇರುತ್ತದೆ: ‘ಇಂದು ನಗದು, ನಾಳೆ ಸಾಲ’. ಕೊಡುಗೆಯೂ ಷರತ್ತೂ ಒಂದೇ ಅಳತೆಯ ಅಕ್ಷರ, ಒಂದೇ ಬಣ್ಣ. ಅಂಥ ಬೋರ್ಡಿನ ಕೆಳಗೆ ಕೂತುಕೊಂಡು ಆ ಕಂಪನಿಗಳ ಪರ ವಕಾಲತ್ತು ವಹಿಸುತ್ತೀರಲ್ಲ, ನನಗೆ ಬೇಜಾರು ಅದಕ್ಕೇ. ನಿಮ್ಮ ಗಿರಾಕಿಗೆ ಯಾರಾದರೂ ಹೀಗೆ ಹೂವಿನ ಕೆಳಗೆ ಷರತ್ತು ಇಟ್ಟಿದ್ದರೆ 1915ಕ್ಕೆ ಫೋನ್ ಮಾಡಲು ಹೇಳಿ, ಅದು ಗ್ರಾಹಕರ ಸಹಾಯವಾಣಿ. 5 ಲಕ್ಷದೊಳಗಿನ ವ್ಯವಹಾರವಾದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ.

ಈಗ ಹಿಂಬದಿ ರಟ್ಟು. ನಿಮ್ಮ ಪತ್ರ ಬಂದ ದಿನವೇ ಅದೇ ಭೂತಗನ್ನಡಿ ಹಿಡಿದು ಕೂತೆ. ಒಂದು ಚಿನ್ನದ ಅಂಗಡಿಯ ಕಂತಿನ ಯೋಜನೆ. ‘ಮೇಕಿಂಗ್ ಚಾರ್ಜ್ ಇಲ್ಲ’ ಅಂತ ದಪ್ಪ ಅಕ್ಷರ. ಬಳೆಯ ಚಿತ್ರದ ಅಂಚಿನಲ್ಲಿ, ನೆಟ್ಟಗೆ ಅಲ್ಲ, ಅಡ್ಡಡ್ಡ, ಒಂದು ಸಾಲು. ಪತ್ರಿಕೆ ತಿರುಗಿಸಿ ಓದಿದೆ: ಆಯ್ದ ಒಡವೆಗಳಿಗೆ ಮಾತ್ರ. ಹನ್ನೊಂದು ತಿಂಗಳಿಂದ ನಾನೇ ಅಚ್ಚು ಹಾಕಿಸುತ್ತಿದ್ದೇನೆ.

ಅಂಗಡಿಯವರಿಗೆ ಫೋನ್ ಮಾಡಿ ಆ ಸಾಲನ್ನು ನೆಟ್ಟಗೆ, ಅಷ್ಟೇ ದಪ್ಪಗೆ ಹಾಕುತ್ತೇನೆ ಅಂದೆ. ಯೋಚನೆ ಮಾಡಿ ಹೇಳ್ತೀವಿ ಅಂದರು. ಈ ತಿಂಗಳ ಹಿಂಬದಿ ರಟ್ಟು ಖಾಲಿ ಇರುವುದು ಅದಕ್ಕೇ. ಬಿಲ್ಲು ಮಾತ್ರ ಖಾಲಿ ಇಲ್ಲ, ಕಾಗದದವನು ನಿನ್ನೆ ಎರಡು ಸಲ ಬಂದು ಹೋದ.

– ಸಂಪಾದಕ