ಸಂಬಳದ ದಿನಕ್ಕೆ ಹೆದರಿದ ಯಜಮಾನರು

ನನ್ನ ಹತ್ತಿರ ಸಮಾಲೋಚನೆಗೆ ಬಂದ ಒಬ್ಬ ಯಜಮಾನರ ಕಥೆ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೂಡಿಗೆರೆ ಕಡೆಯವರು. ಕಾಫಿ ಪುಡಿ, ಮಸಾಲೆ ಪುಡಿ ಮಾಡುವ ಸಣ್ಣ ಘಟಕ, ಕೆಲಸಕ್ಕೆ ಹನ್ನೆರಡು ಜನ. 2019ರ ಆಗಸ್ಟ್ ಮಳೆಗೆ ಹಳ್ಳದ ನೀರು ಗೋದಾಮಿಗೆ ನುಗ್ಗಿತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರಿನ ಗಿರಾಕಿಗಳಿಗೆ ಮಾಲು ಹೋಗೋದೂ ನಿಂತಿತು.

ತಿಂಗಳ ಕೊನೆಗೆ ನನ್ನ ಹತ್ತಿರ ಬಂದಾಗ ಹೇಳಿದ್ದು, ನಿದ್ದೆ ಬರ್ತಿಲ್ಲ ಅಂತ. ಮಾತಾಡ್ತಾ ಗೊತ್ತಾಯ್ತು, ಕೆಲಸದವರ ಫೋನನ್ನೇ ಎತ್ತುತ್ತಿರಲಿಲ್ಲ. "ಕೈಯಲ್ಲಿ ದುಡ್ಡಿಲ್ಲದೆ ಅವರ ಮುಖ ಹೇಗೆ ನೋಡಲಿ ಮೇಡಂ? ಇವತ್ತಿನವರೆಗೆ ಒಂದು ಬಟವಾಡೆ ತಪ್ಪಿಸಿದವನಲ್ಲ ನಾನು."

ಒಟ್ಟು ಎಷ್ಟು ಕೊಡಬೇಕು ಎಂದು ಕೇಳಿದೆ. ಗೊತ್ತಿರಲಿಲ್ಲ. ಲೆಕ್ಕವೆಲ್ಲ ಇದ್ದ ಕಂಪ್ಯೂಟರ್ ನೀರಲ್ಲಿ ಮುಳುಗಿತ್ತು. ಹಾಜರಿ ಪುಸ್ತಕ ಹುಡುಕಿ ತನ್ನಿ ಎಂದೆ. ಪ್ಲಾಸ್ಟಿಕ್ ಕವರಿನಲ್ಲಿ ತಂದರು. ಹಾಳೆಗಳು ಅಂಟಿಕೊಂಡಿದ್ದವು, ಬಿಡಿಸಿದರೆ ಮೆಣಸಿನ ಘಾಟು. ಶಾಯಿಯ ಸಹಿಗಳು ಹರಡಿಹೋಗಿದ್ದರೂ ಬಾಲ್‌ಪೆನ್ನಿನಲ್ಲಿ ಹಾಕಿದ ಹಾಜರಿ ಓದಲು ಬರುತ್ತಿತ್ತು. ಒಂದೊಂದೇ ಹೆಸರು, ದುಡಿದ ದಿನ, ತೆಗೆದುಕೊಂಡ ಮುಂಗಡ ಬೇರೆ ಹಾಳೆಗೆ ಇಳಿಸಿದೆವು. ಬಂದ ಮೊತ್ತ ಅವರು ಹೆದರಿದ್ದರ ಅರ್ಧವೂ ಇರಲಿಲ್ಲ. ಹಾಳಾದ ಯಂತ್ರ, ಬ್ಯಾಂಕ್ ಸಾಲ, ಸಂಬಳ ಮೂರನ್ನೂ ಒಟ್ಟಿಗೆ ತಲೆ ಮೇಲೆ ಹೊತ್ತು ಕೂತಿದ್ದರು.

ನಾನು ಮೊದಲು ಹೇಳಿದ್ದು ದುಡ್ಡಿನ ವಿಷಯವಲ್ಲ. ನಾಳೆಯೇ ಎಲ್ಲರನ್ನೂ ಕರೆಸಿ, ಇಂಥ ದಿನ ಇಷ್ಟು, ಉಳಿದದ್ದು ಇಂಥ ದಿನ ಎಂದು ಬಾಯಿಬಿಟ್ಟು ಹೇಳಿ ಎಂದೆ. ಅವರ ಮನೆಗೂ ನೀರು ನುಗ್ಗಿದೆ, ಅವರಿಗೂ ಅಕ್ಕಿ ತರಬೇಕು. ಯಜಮಾನರು ಫೋನ್ ಎತ್ತದಿದ್ದರೆ ಕೆಲಸವೇ ಹೋಯ್ತು ಅಂದ್ಕೊಳ್ತಾರೆ, ಅಲ್ವಾ?

ದುಡಿದ ದಿನಗಳ ಸಂಬಳಕ್ಕೆ ಕೈ ಹಾಕಬೇಡಿ ಎಂದೂ ಹೇಳಿದೆ. 1936ರ ವೇತನ ಪಾವತಿ ಕಾಯ್ದೆ ಪ್ರಕಾರ ಇಂಥ ಸಣ್ಣ ಘಟಕದವರು ಮುಂದಿನ ತಿಂಗಳ 7ರೊಳಗೆ ಕೊಡಲೇಬೇಕಿತ್ತು. ಇಎಸ್‌ಐ (ಕೆಲಸದವರ ಆರೋಗ್ಯ ವಿಮೆ) ಕಂತಿಗೆ 15ರವರೆಗೆ ಸಮಯವಿತ್ತು. ಕೆಲಸದವರು ಕೆಸರು ಎತ್ತಿ, ಚೀಲ ಒಣಗಿಸಿದ ದಿನಗಳಿಗೆ ಯಜಮಾನರು ಹಾಜರಿ ಹಾಕಿರಲಿಲ್ಲ. ಅದೂ ಕೆಲಸವೇ, ಹಾಕಿಸಿದೆ. ಬಾಗಿಲು ಮುಚ್ಚಿದ ದಿನಗಳಿಗೆ ಎಷ್ಟು ಕೊಡೋದು ಅನ್ನೋದನ್ನ ಕೆಲಸದವರ ಜೊತೆ ಕೂತೇ ತೀರ್ಮಾನಿಸಿ ಎಂದೆ. ಅರ್ಧ ಸಂಬಳಕ್ಕೆ ಎಲ್ಲರೂ ಒಪ್ಪಿದರು. ಮುಂಗಡ ಮುರಿದುಕೊಳ್ಳೋದನ್ನ ಮೂರು ತಿಂಗಳು ಮುಂದೂಡಿದರು.

ವಿಮೆ ಕಟ್ಟಡಕ್ಕೆ, ಯಂತ್ರಕ್ಕೆ ಮಾತ್ರ ಇತ್ತು. ವ್ಯಾಪಾರ ನಿಂತ ದಿನಗಳ ಸಂಬಳಕ್ಕೆ ಬೇರೆ ರಕ್ಷಣೆ ಮಾಡಿಸಬೇಕು ಅನ್ನೋದು ಬಹಳ ಜನಕ್ಕೆ ಗೊತ್ತೇ ಇರೋದಿಲ್ಲ. ಬ್ಯಾಂಕಿಗೆ ಹೋಗಿ ಸಾಲದ ಕಂತು ಮುಂದೂಡಲು ಅರ್ಜಿ ಕೊಟ್ಟರು. ಸಂಬಳಕ್ಕೆಂದೇ ಬೇರೆ ಖಾತೆ ತೆರೆದರು, ಒಂದು ತಿಂಗಳ ಬಟವಾಡೆಯಷ್ಟು ಅದರಲ್ಲಿ ಕೂಡಿಡೋದು ಈಗಿನ ಗುರಿ. ಲೆಕ್ಕದ ಪ್ರತಿ ತಂಗಿಯ ಮೊಬೈಲಿಗೂ ಹೋಗುತ್ತದೆ. ಹೆಂಡತಿಯೂ ಬಟವಾಡೆ ಮಾಡೋದು ಕಲಿತಿದ್ದಾರೆ.

ಸೆಪ್ಟೆಂಬರ್ 7ಕ್ಕೆ ದುಡಿದ ದಿನಗಳ ಸಂಬಳ ಕೊಟ್ಟರು, ಬಾಕಿ ಅಕ್ಟೋಬರಿನಲ್ಲಿ ತೀರಿತು. ಇಬ್ಬರು ಹಾಸನಕ್ಕೆ ಬೇರೆ ಕೆಲಸಕ್ಕೆ ಹೋದರು, ಹತ್ತು ಜನ ಉಳಿದರು. ಜೋರು ಮಳೆ ಬಂದ ರಾತ್ರಿ ಮಾತ್ರ ಯಜಮಾನರಿಗೆ ಇನ್ನೂ ನಿದ್ದೆ ಹತ್ತುವುದಿಲ್ಲ. ಅದು ಬರೀ ಮಾತಿನಿಂದ ಹೋಗುವಂಥದ್ದಲ್ಲ ಅನ್ನಿಸಿ ಮನೋವೈದ್ಯರ ಹತ್ತಿರ ಕಳುಹಿಸಿದ್ದೇನೆ.