ಸಂಪಾದಕರ ಉತ್ತರ: ದಿಲ್ಲಿ, ಬೆಂಗಳೂರು ಮತ್ತು ನಿಮ್ಮೂರ ಕನ್ನಡ ಸಾಲಿ

ಸವದತ್ತಿ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಅವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಪತ್ರದ ಮುಖ್ಯ ಮಾತು ಇಷ್ಟು:

"ಹೋದ ತಿಂಗಳ ಸಂಚಿಕೆಯಲ್ಲಿ ಶಿಕ್ಷಣ ಕೇಂದ್ರದ ಕೈಯಲ್ಲಿರಬೇಕೋ ರಾಜ್ಯದ ಕೈಯಲ್ಲೋ ಅಂತ ಆರು ಪುಟ ಬರೆದಿದ್ದೀರಿ. ಅದರಲ್ಲಿ ನಮ್ಮ ಊರು ಎಲ್ಲಿದೆ ಸರ್? ದಿಲ್ಲಿಯವರು ಹೇಳಿದರೂ ನಾವು ಕೇಳಬೇಕು, ಬೆಂಗಳೂರಿನವರು ಹೇಳಿದರೂ ಕೇಳಬೇಕು. ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಊರವರೇ ವೋಟು ಹಾಕಿ ಶಾಲೆಯ ಮಂಡಳಿ ಆರಿಸುತ್ತಾರಂತೆ, ಮಾಸ್ತರನ್ನೂ ಅವರೇ ತಗೋತಾರಂತೆ. ನಮ್ಮ ಸಾಲಿಯನ್ನೂ ನಮ್ಮ ಊರಿಗೇ ಬಿಟ್ಟುಬಿಟ್ಟರೆ ಏನು ಕೆಡುತ್ತದೆ?"

ಅಧ್ಯಕ್ಷರೇ, ನಮಸ್ಕಾರ.

ನಿಮ್ಮ ಮೊದಲ ಪ್ರಶ್ನೆಗೆ ನಾವು ತಲೆಬಾಗಲೇಬೇಕು. ಆ ಆರು ಪುಟದಲ್ಲಿ ಊರು ಇರಲಿಲ್ಲ. ಶಿಕ್ಷಣವನ್ನು 1976ರ 42ನೇ ತಿದ್ದುಪಡಿಯಲ್ಲಿ ರಾಜ್ಯ ಪಟ್ಟಿಯಿಂದ ತೆಗೆದು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹಾಕಿದ್ದನ್ನು ಬರೆದೆವು. ಕೇಂದ್ರದ ಮಾದರಿ ಶಾಲೆಗಳ ಪಿಎಂ ಶ್ರೀ ಯೋಜನೆಗೆ ತಮಿಳುನಾಡು ಸಹಿ ಹಾಕಲಿಲ್ಲ ಅಂತ, ಶಾಲೆಗಳಿಗೆ ಕೇಂದ್ರ, ರಾಜ್ಯ ಸೇರಿ ದುಡ್ಡು ಹಾಕುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಅವರಿಗೆ ಬರಬೇಕಾದ ದುಡ್ಡು ನಿಂತು, ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದನ್ನು ಬರೆದೆವು. ಎಲ್ಲ ಬೇಕಾದ ವಿಷಯವೇ. ಆದರೆ ರಾಜ್ಯದ ಹಕ್ಕು, ರಾಜ್ಯದ ಹಕ್ಕು ಅಂತ ಬರೆಯುತ್ತಾ ಬೆಂಗಳೂರನ್ನೇ ಊರು ಅಂದುಕೊಂಡುಬಿಟ್ಟೆವು. 2024ರ ಮಾರ್ಚಿನಲ್ಲಿ 5, 8, 9ನೇ ತರಗತಿ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಅಂದರು. ಪರೀಕ್ಷೆ ಶುರುವಾಯಿತು, ಕೋರ್ಟಿನಿಂದ ನಡುವೆಯೇ ನಿಂತಿತು, ಮತ್ತೆ ನಡೆಯಿತು, ಕೊನೆಗೆ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹತ್ತು ವರ್ಷದ ಮಕ್ಕಳು ಪಟ್ಟ ಆ ಪಾಡು ದಿಲ್ಲಿಯಿಂದ ಬಂದದ್ದಲ್ಲ.

ಒಂದು ಸಭೆಯ ವಿಷಯ ಹೇಳುತ್ತೇನೆ. ಹೋದ ವರ್ಷ ಫೆಬ್ರುವರಿಯಲ್ಲಿ ಮಲಪ್ರಭಾ ದಂಡೆಯ ಒಂದು ಊರಿಗೆ ಹೋಗಿದ್ದೆ. ಎಸ್‌ಡಿಎಂಸಿ ಸಭೆ ಇತ್ತು. ಗಂಡಸರು ಬೆಂಚಿನ ಮೇಲೆ, ಹೆಣ್ಣುಮಕ್ಕಳು ಬಾಗಿಲ ಹತ್ತಿರ ಜಮಖಾನೆ ಮೇಲೆ. ನಡಾವಳಿ ವಹಿ ಕೈಯಿಂದ ಕೈಗೆ ಬಂತು. ಠರಾವು ಆಗಲೇ ಬರೆದಾಗಿತ್ತು, ಸಹಿ ಮಾತ್ರ ಬಾಕಿ. ಒಬ್ಬ ತಾಯಿ, ಮೂವತ್ತು ವಯಸ್ಸಿರಬಹುದು, ಪೆನ್ನು ಹಿಡಿದು ಹಾಗೇ ಕೂತರು.

"ಸರ, ಇದರಾಗ ಏನ್ ಬರದೀರಿ, ಓದಿ ಹೇಳ್ರಿ."

ಹೆಡ್ ಮಾಸ್ತರು ಓದಿದರು. ಗೋಡೆಗೆ ಬಣ್ಣ ಹೊಡೆಸಿ ಚಿತ್ರ ಬರೆಸುವ ಖರ್ಚು.

"ಬಣ್ಣ ಯಾಕ್ರಿ ಸರ? ಸಂಡಾಸಕ್ಕ ನೀರಿಲ್ಲ. ನನ್ನ ಮಗಳು ಮಧ್ಯಾಹ್ನ ಉಂಡು ಮನಿಗೆ ಬರ್ತಾಳ, ಹೊಳ್ಳಿ ಸಾಲಿಗೆ ಹೋಗಂಗಿಲ್ಲ."

"ಅಕ್ಕಾರ, ಈ ರೊಕ್ಕ ಬಣ್ಣಕ್ಕಂತನ ಬಂದೈತಿ. ಪೈಪಿಗೆ ಹಾಕಿದ್ರ ನಾಳೆ ಆಡಿಟ್‌ನ್ಯಾಗ ನನ್ನ ಸಂಬಳದಾಗ ಹಿಡೀತಾರ."

ಆಕೆ ಸಹಿ ಹಾಕಲಿಲ್ಲ. ವಹಿ ಮುಂದಿನವರ ಕೈಗೆ ಹೋಯಿತು. ಉಳಿದವರ ಸಹಿ ಸಾಕಾಯಿತು, ಠರಾವು ಪಾಸಾಯಿತು. ಹೆಡ್ ಮಾಸ್ತರು ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ನೀರು ಬೇಕು ಅಂತ ಆ ತಾಯಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಎಲ್ಲೋ ಕೂತು ತೀರ್ಮಾನ ಮಾಡಿಯಾಗಿತ್ತು. ನನಗೆ ಇವತ್ತಿಗೂ ಇದು ಸಂಕಟವೇ.

ಶಾಲೆಗೆ ಬರುವ ರೊಕ್ಕದ ಲೆಕ್ಕ ನಿಮಗೆ ಗೊತ್ತಿರುವುದೇ, ಬೇರೆ ಓದುಗರಿಗಾಗಿ ಹೇಳುತ್ತೇನೆ. ಸಮಗ್ರ ಶಿಕ್ಷಾದಲ್ಲಿ ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ್ದು 40. ಮಕ್ಕಳ ಸಂಖ್ಯೆ 30ಕ್ಕಿಂತ ಹೆಚ್ಚಿದ್ದು 100ರ ಒಳಗಿದ್ದರೆ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ, ಅಂದರೆ 2,500. ಉಳಿದದ್ದರಲ್ಲಿ ಕರೆಂಟು, ಚಾಕ್‌ಪೀಸು, ರಿಜಿಸ್ಟರು, ಒಡೆದ ಹಂಚು. ಇದರಲ್ಲಿ ಪೈಪ್‌ಲೈನ್ ಎಲ್ಲಿಂದ ಹಾಕಿಸುತ್ತೀರಿ? ಇನ್ನೊಂದು ಕಡೆ, ಆದಾಯ ತೆರಿಗೆಯ ಮೇಲೆ ಶೇ 4 ಆರೋಗ್ಯ ಮತ್ತು ಶಿಕ್ಷಣ ಸೆಸ್ ವಸೂಲಾಗುತ್ತದೆ. ಸೆಸ್‌ನಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಅದು ದಿಲ್ಲಿಗೆ ಹೋಗಿ, ಯೋಜನೆಯಾಗಿ, ಷರತ್ತು ಕಟ್ಟಿಕೊಂಡು ಕೆಳಗೆ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ಬೆಂಗಳೂರು ತನ್ನದೂ ಒಂದೆರಡು ಷರತ್ತು ಸೇರಿಸುತ್ತದೆ.

ಇಲ್ಲಿಯವರೆಗೆ ನಾನೂ ನೀವೂ ಒಂದೇ ಕಡೆ. ಮುಂದಿನದಕ್ಕೆ ನಿಮಗೆ ಸ್ವಲ್ಪ ಬೇಜಾರಾಗಬಹುದು.

ನಿಮ್ಮ ತಂಗಿಯ ಮಗ ಹೇಳಿದ್ದು ನಿಜ. ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಹೆಚ್ಚಿನ ಕಡೆ ಮಂಡಳಿಯನ್ನು ಜನರೇ ಆರಿಸುತ್ತಾರೆ. ಶಾಲೆಯ ದುಡ್ಡಿನಲ್ಲಿ ವಾಷಿಂಗ್ಟನ್ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಅಲ್ಲಿ ಕೇಂದ್ರದ ಶಿಕ್ಷಣ ಇಲಾಖೆಗೆ ಕಾನೂನು ಆಗಿದ್ದೇ 1979ರಲ್ಲಿ. ಅದನ್ನೂ ಮುಚ್ಚುವ ಕಡೆಗೆ ಅಧ್ಯಕ್ಷ ಟ್ರಂಪ್ 2025ರ ಮಾರ್ಚಿನಲ್ಲಿ ಆದೇಶಕ್ಕೆ ಸಹಿ ಹಾಕಿದರು. ಆದರೆ ಆ ಹುಡುಗನನ್ನು ಇನ್ನೊಂದು ಮಾತು ಕೇಳಿ ನೋಡಿ: ಉಳಿದ ದುಡ್ಡು ಎಲ್ಲಿಂದ ಬರುತ್ತದೆ? ಒಂದಷ್ಟು ರಾಜ್ಯದಿಂದ, ಇನ್ನೊಂದು ದೊಡ್ಡ ಪಾಲು ಆಯಾ ಊರಿನ ಮನೆ, ಜಾಗದ ತೆರಿಗೆಯಿಂದ. ದೊಡ್ಡ ಮನೆಗಳಿರುವ ಊರಿಗೆ ಒಳ್ಳೆ ಶಾಲೆ, ಬಡವರಿರುವ ಊರಿಗೆ ಬಡ ಶಾಲೆ. ಅದನ್ನು ಹಾಗೇ ಇಲ್ಲಿಗೆ ತಂದರೆ? ಸಕ್ಕರೆ ಫ್ಯಾಕ್ಟರಿ ಇರುವ ಊರಿಗೂ ಇಂಡಿ ಕಡೆಯ ಒಂದು ತಾಂಡಾಕ್ಕೂ ಮನೆಪಟ್ಟಿ ಒಂದೇ ಬರುತ್ತದಾ?

ದುಡ್ಡಿನದು ಒಂದು ಕಡೆ ಇರಲಿ. ಕಪ್ಪು ಜನರ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದು ತಪ್ಪು ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. 1957ರಲ್ಲಿ ಲಿಟ್ಲ್ ರಾಕ್ ಎಂಬ ಊರಿನಲ್ಲಿ ಒಂಬತ್ತು ಮಕ್ಕಳು ಹೈಸ್ಕೂಲಿಗೆ ಹೊರಟರು. ರಾಜ್ಯದ ಗವರ್ನರ್ ಪಡೆ ನಿಲ್ಲಿಸಿ ಅಡ್ಡ ಹಾಕಿದ, ಹೊರಗೆ ಜನ ಕೂಗಾಡಿದರು. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿ ಆ ಮಕ್ಕಳನ್ನು ಒಳಗೆ ಕಳಿಸಬೇಕಾಯಿತು. ನಮ್ಮ ಶಾಲೆಯನ್ನು ನಮಗೆ ಬಿಡಿ ಅನ್ನುವ ಮಾತು ಆಗ ಅಡ್ಡ ನಿಂತವರ ಬಾಯಲ್ಲಿತ್ತು.

ಅಷ್ಟು ದೂರ ಯಾಕೆ ಹೋಗಬೇಕು. ನಾನು ಎಪ್ಪತ್ತರ ದಶಕದಲ್ಲಿ ಕನ್ನಡ ಸಾಲಿ ಕಲಿತವನು. ನಮ್ಮ ಸಾಲಿಯಲ್ಲಿ ಒಂದು ಓಣಿಯ ನಾಲ್ಕು ಹುಡುಗರು ಹಿಂದಿನ ಗೋಡೆಗೆ, ಬೇರೆ ತಟ್ಟು ಹಾಸಿಕೊಂಡು ಕೂರುತ್ತಿದ್ದರು. ನೀರಿನ ಹರವಿ ಅವರು ಮುಟ್ಟುವಂತಿರಲಿಲ್ಲ. ಯಾರಾದರೂ ಮೇಲಿಂದ ಬೊಗಸೆಗೆ ನೀರು ಹಾಕಬೇಕು. ನಾನೂ ಹಾಕಿದ್ದೇನೆ. ತಂಬಿಗೆಯನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ, ನೋಡಿ ಕಲಿತಿದ್ದೆ. ಅದಕ್ಕೆ ಎಲ್ಲಿಂದಲೂ ಆದೇಶ ಬಂದಿರಲಿಲ್ಲ, ಊರೇ ಠರಾಯಿಸಿತ್ತು. ಸಾಲಿಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ ಮಾತ್ರ ಆ ನಾಲ್ವರನ್ನೂ ಎಬ್ಬಿಸಿ ನಮ್ಮ ಸಾಲಿನಲ್ಲಿ ಕೂರಿಸಿದರು. ಒಬ್ಬ ನನ್ನ ಪಕ್ಕದಲ್ಲೇ ಕೂತಿದ್ದ. ಸಾಹೇಬರು ಹೋದ ಮರುದಿನ ಅವನು ತಾನೇ ಎದ್ದು ಹಿಂದೆ ಹೋದ.

ಹಳ್ಳಿ ಅಂದರೆ ಅಜ್ಞಾನದ, ಸಂಕುಚಿತ ಬುದ್ಧಿಯ ಗೂಡು ಎಂಬರ್ಥದ ಮಾತನ್ನು ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಆಡಿದ್ದರು. ಹಳ್ಳಿಯಲ್ಲಿ ಹುಟ್ಟಿದ ನಮ್ಮಂಥವರಿಗೆ ಅದು ಚುಚ್ಚುತ್ತದೆ. ಆ ತಂಬಿಗೆ ನೆನಪಾದಾಗ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ.

ಕಾಲ ಬದಲಾಗಿದೆ ಅನ್ನುತ್ತೀರಿ. ಬದಲಾಗಿದೆ, ಒಪ್ಪಿದೆ. ಆದರೂ ಬಿಸಿಯೂಟದ ಮೊಟ್ಟೆಯನ್ನೇ ನೋಡಿ. 2021ರ ಡಿಸೆಂಬರಿನಲ್ಲಿ ವಿಜಯಪುರ ಸೇರಿ ಏಳು ಜಿಲ್ಲೆಗೆ ಮೊದಲು ಕೊಟ್ಟರು, ಬೆಳಗಾವಿ, ಬಾಗಲಕೋಟೆಗೆ ಆಮೇಲೆ ಬಂತು. ವಿರೋಧ ಎಷ್ಟಿತ್ತು ಅಂತ ನಿಮಗೆ ನೆನಪಿದೆ. ಬೇಡದವರಿಗೆ ಬಾಳೆಹಣ್ಣು ಕೊಟ್ಟರು, ಬೇಕಾದ ಮಗುವಿಗೆ ಮೊಟ್ಟೆ ಸಿಕ್ಕಿತು. ಊರೂರಿನ ತೀರ್ಮಾನಕ್ಕೆ ಬಿಟ್ಟಿದ್ದರೆ ಎಷ್ಟು ಊರಿನಲ್ಲಿ ಆ ಮಗುವಿನ ತಟ್ಟೆಗೆ ಅದು ಬರುತ್ತಿತ್ತು? ನಮ್ಮ ಗಡಿಯ ಶಾಲೆಗಳೂ ಹಾಗೇ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಇರಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಒಂದು ಊರಲ್ಲಿ ಮರಾಠಿ ಮಕ್ಕಳು ಕಮ್ಮಿ, ಪಕ್ಕದ ಊರಲ್ಲಿ ಕನ್ನಡ ಮಕ್ಕಳು ಕಮ್ಮಿ. ಎರಡೂ ಕಡೆ ಆ ಕಮ್ಮಿ ಇರುವವರನ್ನು ಕಾಯಲು ಊರಿನ ಹೊರಗಿನ ಒಂದು ಕಾನೂನು ಬೇಕೇ ಬೇಕು.

ಹಾಗಾದರೆ ಊರಿಗೆ ಏನು ಬಿಡಬೇಕು? ಬಹಳ ಇದೆ. ನನಗೆ ಎಲ್ಲಕ್ಕಿಂತ ಮೊದಲು ಕಾಣುವುದು ಶಾಲೆಯ ದಿನಗಳು.

ದಸರಾ ಮುಗಿಯುತ್ತಿದ್ದಂತೆ ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗು ಹೊರಡುತ್ತದೆ. ಕೆಲವರು ಮಹಾರಾಷ್ಟ್ರಕ್ಕೆ, ಕೆಲವರು ನಮ್ಮ ಬೆಳಗಾವಿ, ಬಾಗಲಕೋಟೆಯ ಹೊಲಗಳಿಗೇ. ಟ್ರೇಲರಿನಲ್ಲಿ ಪಾತ್ರೆ, ಹಾಸಿಗೆ, ಕೋಳಿ, ಅದರ ಮೇಲೆ ಮಕ್ಕಳು. ವಾಪಸ್ ಬರುವುದು ಹೋಳಿ ಹುಣ್ಣಿಮೆ, ಯುಗಾದಿ ಹೊತ್ತಿಗೆ. ಅಷ್ಟೂ ತಿಂಗಳು ಆ ಮಕ್ಕಳಲ್ಲಿ ಒಬ್ಬ ಹುಡುಗಿ ಕಬ್ಬಿನ ರವದಿ ಹೊದಿಸಿದ ಗುಡಿಸಲ ಮುಂದೆ ತಮ್ಮನನ್ನು ಆಡಿಸುತ್ತಾ ಕೂತಿರುತ್ತಾಳೆ. ಊರಿಗೆ ಬಂದು ಸಾಲಿಗೆ ಹೋಗಬೇಕು ಅನ್ನುವಷ್ಟರಲ್ಲಿ ಬೇಸಿಗೆ ರಜೆ. ಈಗ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ನೋಡಿ. 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು ಅಂತ ಇದೆ. ಎಷ್ಟು ದಿನ ಅಂತ ಇದೆ, ಯಾವ ದಿನ ಅಂತ ಇಲ್ಲ! ಯಾವ ದಿನ ಅನ್ನುವುದನ್ನು ರಾಜ್ಯಕ್ಕೆಲ್ಲ ಒಂದೇ ವೇಳಾಪಟ್ಟಿಯಾಗಿ ಬೆಂಗಳೂರು ಮಾಡುತ್ತದೆ. ಕರಾವಳಿಗೂ ಅದೇ, ನಮ್ಮ ಎರೆ ಹೊಲದ ಊರಿಗೂ ಅದೇ. ಒಂದು ತಾಂಡಾ ಶಾಲೆ ಏಪ್ರಿಲ್, ಮೇನಲ್ಲಿ ಬಿಸಿಲೇರುವ ಮೊದಲೇ ಬೆಳಿಗ್ಗೆ ನಾಲ್ಕು ತಾಸು ನಡೆದು, ರಜೆಯನ್ನು ಸುಗ್ಗಿ ಕಾಲಕ್ಕೆ ಇಟ್ಟುಕೊಂಡರೆ ಯಾರಿಗೆ ನಷ್ಟ? ಮನೆಯಲ್ಲಿ ಲಂಬಾಣಿ ಮಾತಾಡುವ ಮಗು ಒಂದನೇ ತರಗತಿಗೆ ಬಂದು ಕನ್ನಡದ ಮುಂದೆ ಕಣ್ಣು ಬಿಡುತ್ತದೆ, ಆ ಭಾಷೆ ಬಲ್ಲ ತಾಂಡಾದ ಹೆಣ್ಣುಮಗಳೊಬ್ಬಳನ್ನು ಒಂದು ವರ್ಷ ಮಾಸ್ತರ ಪಕ್ಕ ಕೂರಿಸಲು ಎಸ್‌ಡಿಎಂಸಿಗೆ ಅಧಿಕಾರ ಇರಬಾರದಾ? ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಮರಾಠಿಯೇ ಜಾಸ್ತಿ ನಡೆಯುತ್ತಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಮುಂಬೈ ಸರ್ಕಾರದ ಶಿಕ್ಷಣ ಇಲಾಖೆಯ ಒಳಗೇ ಇದ್ದುಕೊಂಡು ಕನ್ನಡ ಶಾಲೆಗಳನ್ನು ತೆರೆಸಿದರು. ಈ ನೆಲದ ಮಗು ಮನೆಯಲ್ಲಿ ಏನು ಮಾತಾಡುತ್ತದೆ ಅಂತ ಅವರಿಗೆ ಗೊತ್ತಿತ್ತು.

ಆದರೆ ಅದೇ ಹುಡುಗಿ ಸಾಂಗ್ಲಿ ಜಿಲ್ಲೆಯ ಕಬ್ಬಿನ ಗದ್ದೆಯಲ್ಲಿದ್ದಾಗ ಅವಳನ್ನು ಯಾವ ಊರಿನ ಎಸ್‌ಡಿಎಂಸಿ ಕೇಳಬೇಕು? ಅಲ್ಲಿ ಅವಳು ಹೊರಗಿನವಳು, ಇಲ್ಲಿ ಹಾಜರಿ ಪುಸ್ತಕದಲ್ಲಿ ಗೈರು. ಅವಳಿಗೆ ಊರೂ ಸಾಲದು, ಒಂದು ರಾಜ್ಯವೂ ಸಾಲದು. ಎರಡು ರಾಜ್ಯವನ್ನು ಕೂರಿಸಿ ಮಾತಾಡಿಸುವ ದಿಲ್ಲಿ ಬೇಕು. ನಿಮ್ಮ ಪತ್ರ ಓದಿದ ರಾತ್ರಿ ನಾನು ಜಾಸ್ತಿ ಯೋಚಿಸಿದ್ದು ಇವಳ ಬಗ್ಗೆ.

ಇನ್ನು ಊರಿಗೂ ಬೆಂಗಳೂರಿಗೂ ನಡುವಿನ ಮನೆ, ಪಂಚಾಯತಿ. 1993ರಲ್ಲಿ ಜಾರಿಯಾದ 73ನೇ ತಿದ್ದುಪಡಿಯಲ್ಲಿ ಪಂಚಾಯತಿಗಳಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿ ಇದೆ, ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಅದರಲ್ಲಿ 17ನೆಯದು. ಅದಕ್ಕೂ ಮೊದಲೇ, 1987ರಲ್ಲಿ, ಪಂಚಾಯತ್‌ರಾಜ್ ಮಂತ್ರಿ ನಜೀರ್ ಸಾಬ್ ಅವರ ಕಾಲದಲ್ಲಿ ಜಿಲ್ಲಾ ಪರಿಷತ್ತು ಕಟ್ಟಿ ದೇಶಕ್ಕೆ ದಾರಿ ತೋರಿಸಿದವರು ನಾವು. ಅಂಥ ರಾಜ್ಯದಲ್ಲಿ 2016ರಲ್ಲಿ ಆರಿಸಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಹೆಡ್ ಮಾಸ್ತರ ಹತ್ತಿರ ಆಗದ್ದನ್ನು ನೀವು ಯಾವ ಸದಸ್ಯರ ಮನೆ ಬಾಗಿಲಿಗೆ ಹೋಗಿ ಕೇಳಬೇಕು? ದಿಲ್ಲಿಯ ಹತ್ತಿರ ನಮ್ಮ ಹಕ್ಕು ಕೊಡಿ ಅಂತ ಕೇಳುವ ಯಾವ ಪಕ್ಷದ ಸರ್ಕಾರವೇ ಆಗಲಿ, ಕೆಳಗಿನವರ ಹಕ್ಕನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ತಪ್ಪು. ಇದನ್ನು ಹೋದ ತಿಂಗಳೇ ಬರೆಯಬೇಕಿತ್ತು.

ಕೊನೆಗೆ ನಿಮ್ಮ ಕೈಗೆ ಸಿಗುವ ಒಂದು ವಿಷಯ. ನಮ್ಮಲ್ಲಿ ಎಸ್‌ಡಿಎಂಸಿ 2001ರಲ್ಲೇ ಬಂತು. ಆಮೇಲೆ ಬಂದ 2009ರ ಆರ್‌ಟಿಇ ಕಾಯ್ದೆ, 21ನೇ ಕಲಮಿನಲ್ಲಿ, ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದಿತು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು 22ನೇ ಕಲಮು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ಮಾಡಬೇಕು, ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು ಅಂತ ಅದರಲ್ಲಿ ಬರೆದಿದೆ. ಅಂದರೆ ಬಣ್ಣ ಬೇಕೋ ನೀರು ಬೇಕೋ ಅಂತ ಮೊದಲು ಬರೆಯಬೇಕಾದವರು ಆ ಜಮಖಾನೆ ಮೇಲೆ ಕೂತವರು. ಕಾನೂನು ಬಂದಿದ್ದು ದಿಲ್ಲಿಯಿಂದ, ಪೆನ್ನು ಕೊಟ್ಟಿದ್ದು ಊರಿಗೆ. ಸುಮ್ನೆ ಬಿಟ್ಟರೆ ಆ ಪೆನ್ನು ನಮ್ಮ ಕೈಗೆ ಬರುವುದೇ ಇಲ್ಲ.

ಹೋದ ವರ್ಷ ಜುಲೈನಲ್ಲಿ ಮತ್ತೆ ಆ ಮಲಪ್ರಭಾ ದಂಡೆಯ ಊರಿಗೆ ಹೋಗಿದ್ದೆ. ಹೆಡ್ ಮಾಸ್ತರು ವಹಿ ತೆಗೆದು ತೋರಿಸಿದರು. ಆ ವರ್ಷದ ಯೋಜನೆಯ ಮೊದಲ ಸಾಲು ಅವರ ಅಕ್ಷರದಲ್ಲಿ ಇರಲಿಲ್ಲ. ನೀಲಿ ಪೆನ್ನಿನಲ್ಲಿ, ಒತ್ತಿ ಒತ್ತಿ ಬರೆದದ್ದು: "ಸಂಡಾಸಕ್ಕೆ ನೀರು. ಟಾಕಿಯಿಂದ ಪೈಪು 120 ಅಡಿ." ಹಗ್ಗ ಹಿಡಿದು ಆ ತಾಯಿಯೇ ಅಳೆದಿದ್ದರಂತೆ. ತಾಲ್ಲೂಕು ಕಚೇರಿಯ ಸ್ವೀಕೃತಿ ಮುದ್ರೆ ಬಿದ್ದಿತ್ತು. ನೀರು ಇನ್ನೂ ಬಂದಿರಲಿಲ್ಲ.

ನಿಮ್ಮ ಶಾಲೆಯ ಈ ವರ್ಷದ ಯೋಜನೆ ಯಾರು ಬರೆದರು, ಒಮ್ಮೆ ನೋಡಿ. ನೀವೇ ಬರೆದಿದ್ದರೆ ಆ ಪುಟದ ಫೋಟೋ ಕಳಿಸಿ. ಬರೆಯದಿದ್ದರೆ ಮುಂದಿನ ಸಭೆಯಲ್ಲಿ ಹೆಣ್ಣುಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಬರೆಸಿ, ಆಮೇಲೆ ಕಳಿಸಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರು ಜಿಲ್ಲೆಯ ಯಾವ ಶಾಲೆಯವರಾದರೂ ಕಳಿಸಬಹುದು. ಮುಂದಿನ ಸಂಚಿಕೆಯಿಂದ ಅದಕ್ಕೆ ಎರಡು ಪುಟ ತೆಗೆದಿಟ್ಟಿದ್ದೇವೆ. ಮುದ್ರೆಯ ತಾರೀಖು ಕಾಣುವ ಹಾಗೆ ಫೋಟೋ ಇರಲಿ.

ಸಂಪಾದಕ