ಎ–ಡಿ–ಇ ಕಾರ್ಡುಗಳ ಮೇಲೆ ರಾಕಬಿಲಿ ಸೋಲೋ ನುಡಿಸಲು ಯಾವ ಸ್ಕೇಲ್ ಕಲಿಯಬೇಕು?

ಯಾವುದೂ ಬೇಡ. ಇನ್ನೊಂದು ಸ್ಕೇಲ್ ಕಲಿತರೆ ಈಗಿರುವ ಗೊಂದಲದ ಜೊತೆ ಇನ್ನೊಂದು ಸೇರುತ್ತೆ, ಅಷ್ಟೇ.

ನಾನೂ ಒಂದು ಕಾಲಕ್ಕೆ ಕಂಡಕಂಡವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆ ಇದು. ನಿಮ್ಮ ಕಥೆ ಹೀಗಿರುತ್ತೆ: ಮೈನರ್ ಪೆಂಟಾಟೋನಿಕ್ (ಐದು ಸ್ವರದ ಸ್ಕೇಲ್) ಬರುತ್ತೆ, ಎ ಕೀನಲ್ಲಿ ಹನ್ನೆರಡು ಬಾರ್‌ನ (ಒಂದು ಬಾರ್ ಅಂದರೆ ನಾಲ್ಕು ಪೆಟ್ಟು) ಟ್ರ್ಯಾಕ್ ಹಾಕಿಕೊಂಡು ನುಡಿಸಿದರೆ ರಾಕ್ ಥರ ಕೇಳುತ್ತೆ, ರಾಕಬಿಲಿ (1950ರ ದಶಕದ ಅಮೆರಿಕದ ಕಂಟ್ರಿ–ಬ್ಲೂಸ್ ಬೆರಕೆ) ಥರ ಕೇಳಲ್ಲ. ಡಿ ಕಾರ್ಡ್ ಬಂದ ಕೂಡಲೇ ಹಳಿ ತಪ್ಪುತ್ತೆ. ಮಿಕ್ಸೊಲಿಡಿಯನ್ (ಕೈಶಿಕಿ ನಿಷಾದ ಇರುವ ಮೇಜರ್ ಸ್ಕೇಲ್) ಕಲಿಯಲಾ, ದುಡ್ಡು ಕೂಡಿಸಿ ಟೊಳ್ಳು ಬಾಡಿಯ ಗ್ರೆಟ್ಶ್ ಗಿಟಾರ್ ತಗೊಳ್ಳಲಾ, ದಾವಣಗೆರೆಯಲ್ಲಿ ಇದನ್ನು ಹೇಳಿಕೊಡುವವರು ಇದ್ದಾರಾ. ಇಷ್ಟು ತಾನೇ?

ನೀವು ಮಾಡುತ್ತಿರುವ ತಪ್ಪು ಒಂದೇ. ನನ್ನ ಕಾಲ ತಿಂದದ್ದೂ ಅದೇ ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಮ್ಮ ಊರಿನ ಕಡೆ ಕಿವಿ ಪಳಗುವುದು ಭಜನೆ, ಹಾರ್ಮೋನಿಯಂ, ಸುಗಮ ಸಂಗೀತದಲ್ಲಿ. ಅಲ್ಲಿ ಷಡ್ಜ ಕದಲುವುದಿಲ್ಲ. ಶ್ರುತಿ ಪೆಟ್ಟಿಗೆ ಒಮ್ಮೆ ಇಟ್ಟರೆ ಮುಗಿಯಿತು, ಹಾಡು ಮುಗಿಯುವವರೆಗೂ ಗಾಂಧಾರ ಗಾಂಧಾರವೇ, ನಿಷಾದ ನಿಷಾದವೇ. ಅದೇ ಅಭ್ಯಾಸದಲ್ಲಿ ಗಿಟಾರ್ ಹಿಡಿದು "ಹಾಡು ಎ ಕೀನಲ್ಲಿದೆ, ಹಾಗಾಗಿ ಎ ಸ್ಕೇಲ್" ಎಂದು ಹೊರಡುತ್ತೇವೆ. ರಾಕಬಿಲಿಯಲ್ಲಿ ಐದನೇ ಬಾರ್‌ಗೆ ಷಡ್ಜವೇ ಎದ್ದು ಮಧ್ಯಮದ ಜಾಗಕ್ಕೆ ಹೋಗಿ ಕೂರುತ್ತೆ. ಒಂಬತ್ತನೇ ಬಾರ್‌ಗೆ ಪಂಚಮಕ್ಕೆ ಹೋಗುತ್ತೆ. ಬೆರಳು ಇದ್ದಲ್ಲೇ ಇದ್ದರೂ ಸ್ವರದ ಹೆಸರು ಬದಲಾಗಿರುತ್ತೆ.

ಸಿ ಶಾರ್ಪ್ ಒಂದನ್ನೇ ತಗೊಳ್ಳಿ. ಎ ಕಾರ್ಡ್ ನಡೆಯುವಾಗ ಅದು ಅಂತರ ಗಾಂಧಾರ, ಬಲು ಇಂಪು. ಡಿ7 (ನಿಷಾದವೂ ಸೇರಿದ ಡಿ ಕಾರ್ಡ್) ಬಂದ ಮೇಲೆ ಅದೇ ಸ್ವರ ಕಾಕಲಿ ನಿಷಾದ ಆಗುತ್ತೆ. ಡಿ7 ಒಳಗಿರುವುದು ಕೈಶಿಕಿ ನಿಷಾದ, ಅಂದರೆ ಸಿ. ಒಂದು ಫ್ರೆಟ್ ಅಂತರದ ಎರಡು ನಿಷಾದ ಒಟ್ಟಿಗೆ ಮೊಳಗಿದರೆ ಕೇಳುವವರಿಗೆ ಏನಾಯಿತೆಂದು ಗೊತ್ತಾಗದಿದ್ದರೂ ಹಲ್ಲು ಚುಳ್ ಎನ್ನುತ್ತೆ. ಎರಡು ಸ್ವರಗಳ ನಡುವೆ ಓಡುವಾಗ ಸಿ ಶಾರ್ಪ್ ತಗುಲಿದರೆ ಚಿಂತೆಯಿಲ್ಲ. ಐದನೇ ಬಾರ್‌ನ ಮೊದಲ ಪೆಟ್ಟಿನ ಮೇಲೆ ನಿಂತರೆ ಕೆಟ್ಟಿತು.

ಈಗ ಸ್ಕೇಲುಗಳ ಲೆಕ್ಕ ನೋಡ್ರಿ. ಮೂರು ಕಾರ್ಡುಗಳ ಗಾಂಧಾರಗಳು ಸಿ ಶಾರ್ಪ್, ಎಫ್ ಶಾರ್ಪ್, ಜಿ ಶಾರ್ಪ್. ಎ ಮೈನರ್ ಪೆಂಟಾಟೋನಿಕ್‌ನಲ್ಲಿರುವುದು ಎ, ಸಿ, ಡಿ, ಇ, ಜಿ. ಮೂರು ಗಾಂಧಾರಗಳಲ್ಲಿ ಒಂದೂ ಇಲ್ಲ! ಕಾರ್ಡ್ ಬದಲಾಯಿತು ಎಂದು ಹೇಳುವ ಸ್ವರಗಳನ್ನೇ ಬಿಟ್ಟು ನುಡಿಸಿದರೆ ಬದಲಾವಣೆ ಹೇಗೆ ಕೇಳೀತು? ಮೇಜರ್ ಪೆಂಟಾಟೋನಿಕ್‌ನಲ್ಲಿ ಸಿ ಶಾರ್ಪ್, ಎಫ್ ಶಾರ್ಪ್ ಸಿಗುತ್ತವೆ, ಜಿ ಶಾರ್ಪ್ ಇಲ್ಲ. ನೀವು ಕೇಳಿದ ಮಿಕ್ಸೊಲಿಡಿಯನ್‌ನಲ್ಲಿ ಡಿ7 ಮೇಲೆ ಅದೇ ಸಿ ಶಾರ್ಪ್ ಜಗಳ ಉಳಿಯುತ್ತೆ, ಇ7 ಮೇಲೆ ಜಿ ಶಾರ್ಪ್ ಬದಲು ಜಿ ಸಿಗುತ್ತೆ. ಡಿಸ್ಟಾರ್ಶನ್ ಏರಿಸಿ, ತಂತಿ ಎಳೆದಾಡುವ ರಾಕ್‌ನಲ್ಲಿ ಇದೆಲ್ಲ ಮುಚ್ಚಿಹೋಗುತ್ತೆ. ರಾಕಬಿಲಿಯಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ.

ಏಕಿಲ್ಲ ಎಂದರೆ, 1954ರ ಜುಲೈನಲ್ಲಿ ಅಮೆರಿಕದ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ಸನ್ ರೆಕಾರ್ಡ್ ಆದಾಗ ಇದ್ದವರು ಮೂವರು. ಎಲ್ವಿಸ್ ಕೈಯಲ್ಲಿ ಅಕೂಸ್ಟಿಕ್ ಗಿಟಾರ್, ಬಿಲ್ ಬ್ಲ್ಯಾಕ್ ನಿಲ್ಲಿಸಿದ ದೊಡ್ಡ ಬೇಸ್, ಸ್ಕಾಟಿ ಮೂರ್ ಎಲೆಕ್ಟ್ರಿಕ್ ಗಿಟಾರ್. ಡ್ರಮ್ಸ್ ಇಲ್ಲ, ಪಿಯಾನೋ ಇಲ್ಲ. ಸೋಲೋ ಬಂದಾಗ ಹಿಂದೆ ಕಾರ್ಡ್ ತುಂಬಲು ಇನ್ನೊಬ್ಬ ಲೀಡ್ ವಾದಕನೂ ಇಲ್ಲ. ಹಾಗಾಗಿ ಸೋಲೋನೇ ಕಾರ್ಡ್ ಹೇಳಬೇಕಿತ್ತು. ಸ್ಕಾಟಿ ಮೂರ್ ಹಿಂಬಾಲಿಸಿದ ಮರ್ಲ್ ಟ್ರಾವಿಸ್, ಚೆಟ್ ಆಟ್ಕಿನ್ಸ್ ಇಬ್ಬರೂ ಹೆಬ್ಬೆರಳಲ್ಲಿ ಬೇಸ್, ಉಳಿದ ಬೆರಳಲ್ಲಿ ಮೇಲಿನ ಸ್ವರ ನುಡಿಸುತ್ತಿದ್ದವರು. ಕಾರ್ಡ್ ಆಕಾರ ಬಿಟ್ಟು ಅವರ ಬೆರಳು ಆಚೆ ಹೋಗುವುದು ಕಡಿಮೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಎರಡೇ ತಂತಿ, ಎರಡೇ ಸ್ವರ. ತೆಳು ತಂತಿ 1ನೆಯದು ಎಂದು ಎಣಿಸಿ. 4ನೇ ತಂತಿಯ 5ನೇ ಫ್ರೆಟ್, 3ನೇ ತಂತಿಯ 6ನೇ ಫ್ರೆಟ್ ಒಟ್ಟಿಗೆ ಮೀಟಿ. ಜಿ ಮತ್ತು ಸಿ ಶಾರ್ಪ್, ಎ7ರ ಜೀವ ಇರುವುದು ಈ ಎರಡರಲ್ಲೇ. ಅದೇ ಆಕಾರ ಒಂದು ಫ್ರೆಟ್ ಕೆಳಗೆ, ಅಂದರೆ 4 ಮತ್ತು 5ಕ್ಕೆ, ಜಾರಿಸಿದರೆ ಎಫ್ ಶಾರ್ಪ್ ಮತ್ತು ಸಿ, ಅದು ಡಿ7. ಎ7 ಜಾಗದಿಂದ ಒಂದು ಫ್ರೆಟ್ ಮೇಲೆ, 6 ಮತ್ತು 7ಕ್ಕೆ, ಹೋದರೆ ಜಿ ಶಾರ್ಪ್ ಮತ್ತು ಡಿ, ಅದು ಇ7. ಮೂರು ಕಾರ್ಡೂ 4ರಿಂದ 7ರವರೆಗಿನ ನಾಲ್ಕೇ ಫ್ರೆಟ್ ಒಳಗೆ ಮುಗಿದವು. ಇಷ್ಟು ಸುಲಭವಾದದ್ದನ್ನು ಯಾಕೆ ಮೊದಲೇ ಯಾರೂ ಹೇಳುವುದಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹನ್ನೆರಡು ಬಾರ್ ಹೀಗೆ ಹೋಗುತ್ತೆ: ಎ ನಾಲ್ಕು, ಡಿ ಎರಡು, ಎ ಎರಡು, ಆಮೇಲೆ ಇ, ಡಿ, ಎ, ಇ ಒಂದೊಂದು. ಬೇರೇನೂ ನುಡಿಸದೆ ಈ ಎರಡು ಸ್ವರಗಳನ್ನೇ ಪ್ರತಿ ಬಾರ್‌ನ 2 ಮತ್ತು 4ನೇ ಪೆಟ್ಟಿಗೆ ಚುಟುಕಾಗಿ ಹೊಡೆದು ಒಂದು ಸುತ್ತು ಮುಗಿಸಿ. ಮೆಟ್ರೊನೋಮ್ 60ಕ್ಕೆ ಇಟ್ಟು ಅದರ ಟಿಕ್ಕನ್ನೇ 2 ಮತ್ತು 4ನೇ ಪೆಟ್ಟು ಅಂದುಕೊಂಡರೆ ನಿಮ್ಮ ವೇಗ 120 ಆಗುತ್ತೆ. ಒಂಬತ್ತರಿಂದ ಹತ್ತನೇ ಬಾರ್‌ಗೆ ಎರಡು ಫ್ರೆಟ್ ಕೆಳಗೆ ಜಾರಬೇಕು, ಎಡವುವುದು ಅಲ್ಲೇ. ಆ ಎರಡು ಬಾರನ್ನು ಬೇರೆಯಾಗಿ ತಿರುಗಿಸಿ ತಿರುಗಿಸಿ ನುಡಿಸಿ.

ಇದು ಕೈಗೆ ಕೂತ ಮೇಲೆ ಒಂಟಿ ಸ್ವರಗಳು. ಎ ಮೇಲೆ: 3ನೇ ತಂತಿ 5ರಿಂದ 6ಕ್ಕೆ ಹ್ಯಾಮರ್ (ಮತ್ತೆ ಮೀಟದೆ ಬೆರಳು ಬಡಿದು ಏರುವುದು), 2ನೇ ತಂತಿ 5, ಅದೇ ತಂತಿ 7, 1ನೇ ತಂತಿ 5. ಸಿಯಿಂದ ಸಿ ಶಾರ್ಪ್‌ಗೆ ಏರುವ ಆ ಹ್ಯಾಮರ್ ಮತ್ತು 2ನೇ ತಂತಿ 7ರಲ್ಲಿರುವ ಎಫ್ ಶಾರ್ಪ್, ಅಂದರೆ ಧೈವತ, ಇವೆರಡು ಸೇರಿದರೆ ಅರ್ಧ ರಾಕಬಿಲಿ ಬಂದ ಹಾಗೆ. ನಾಲ್ಕನೇ ಬಾರ್‌ನ ಕೊನೆಯ ಪೆಟ್ಟಿಗೆ 2ನೇ ತಂತಿ 8 ಹಿಡಿದು (ಜಿ), ಐದನೇ ಬಾರ್‌ನ ಮೊದಲ ಪೆಟ್ಟಿಗೆ ಸರಿಯಾಗಿ 7ಕ್ಕೆ ಇಳಿಯಿರಿ (ಎಫ್ ಶಾರ್ಪ್). ಒಂದು ಫ್ರೆಟ್ ಇಳಿದದ್ದಷ್ಟೇ, ಡಿ ಬಂತು ಎಂದು ಹಾಲ್‌ನ ಕೊನೇ ಸಾಲಿನವರಿಗೂ ತಿಳಿಯುತ್ತೆ. ಡಿ ಒಳಗೆ 1ನೇ ತಂತಿ 5, 3ನೇ ತಂತಿ 7, 3ನೇ ತಂತಿ 5 ನಿಮ್ಮವು. ಏಳನೇ ಬಾರ್‌ಗೆ ವಾಪಸ್ ಬರುವಾಗ 3ನೇ ತಂತಿ 5ರಿಂದ 6ಕ್ಕೆ. ಒಂಬತ್ತಕ್ಕೆ 1ನೇ ತಂತಿ 5ರಿಂದ 4ಕ್ಕೆ, ಅಲ್ಲಿ ಜಿ ಶಾರ್ಪ್ ಇದೆ. ಅದೇ ಬಾರ್‌ನ ಕೊನೆಗೆ 3ನೇ ತಂತಿ 7ಕ್ಕೆ ಬಂದು, ಹತ್ತನೇ ಬಾರ್‌ಗೆ ಅದೇ ತಂತಿ 5ಕ್ಕೆ ಇಳಿಯಿರಿ. ಹನ್ನೊಂದಕ್ಕೆ ಮತ್ತೆ 6.

ಮೊದಲ ದಿನಗಳಲ್ಲಿ ಬಾರ್ ಮಧ್ಯದಲ್ಲಿ ಏನು ನುಡಿಸುತ್ತೀರಿ ಎನ್ನುವುದು ಮುಖ್ಯವೇ ಅಲ್ಲ. ಸುಮ್ಮನಿದ್ದರೂ ನಡೆಯುತ್ತೆ. ಗಡಿ ದಾಟುವ ಆ ಎರಡು ಸ್ವರ ಮಾತ್ರ ತಪ್ಪಬಾರದು. 180ರ ವೇಗದಲ್ಲಿ ಇಡೀ ಸುತ್ತು 16 ಸೆಕೆಂಡಿಗೆ ಮುಗಿಯುತ್ತೆ, ಒಂದು ಬಾರ್ ಒಂದೂಕಾಲು ಸೆಕೆಂಡಿಗೆ ಚೂರು ಹೆಚ್ಚು. ಅಷ್ಟರಲ್ಲಿ "ಈಗ ಯಾವ ಸ್ಕೇಲ್" ಎಂದು ಯೋಚಿಸಲು ಪುರುಸೊತ್ತಿರಲ್ಲ. 90ರಲ್ಲಿ ಶುರು ಮಾಡಿ, ಒಂದು ಸುತ್ತೂ ತಪ್ಪದೆ ಬಂದರೆ ಮಾತ್ರ ಐದೈದು ಏರಿಸಿ.

ನಮ್ಮ ಕಡೆಯವರಿಗೆ ಕೈಗೆಟಕುವ ಒಂದು ಸಾಧನ ಇದೆ: ಮೊಬೈಲಿನ ತಂಬೂರಿ ಆ್ಯಪ್. ಷಡ್ಜವನ್ನು ಎಗೆ ಇಟ್ಟು ಎ7ರ ನಾಲ್ಕು ಸ್ವರ ಮಾತ್ರ ನುಡಿಸುತ್ತ ಕೂತುಕೊಳ್ಳಿ. ಆಮೇಲೆ ಷಡ್ಜ ಡಿಗೆ ಬದಲಿಸಿ, ಬೆರಳನ್ನು ಸಿ ಶಾರ್ಪ್ ಮೇಲೆ ಇಟ್ಟು ಅದು ಎಷ್ಟು ಮುಳ್ಳಾಗಿದೆ ಕೇಳಿ, ಸಿಗೆ ಇಳಿಸಿ ಕೇಳಿ. ಬ್ಯಾಕಿಂಗ್ ಟ್ರ್ಯಾಕ್‌ನಲ್ಲಿ ಕಾರ್ಡ್ ಓಡಿಹೋಗುತ್ತೆ, ಇಲ್ಲಿ ಬೇಕಾದಷ್ಟು ಹೊತ್ತು ನಿಂತಿರುತ್ತೆ. ದಾವಣಗೆರೆಯಲ್ಲಿ ಗುರು ಸಿಗಲಿಲ್ಲ ಎಂಬ ಚಿಂತೆಗೆ ನನ್ನ ಉತ್ತರವೂ ಇದೇ. ರಾಕಬಿಲಿ ಗುರುವನ್ನು ಹುಡುಕಬೇಡಿ, ಒಳ್ಳೆಯ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಆರು ತಿಂಗಳು ಸ್ವರಜ್ಞಾನ ಮಾಡಿಕೊಳ್ಳಿ. ಬೆರಳಿನ ಕೆಲಸ ಯೂಟ್ಯೂಬ್ ವೇಗವನ್ನು 0.5ಕ್ಕೆ ಇಳಿಸಿ ನೋಡಿದರೂ ಬರುತ್ತೆ, ಕಿವಿ ಹಾಗೆ ಬರಲ್ಲ.

ಕಲಿತದ್ದು ಸರಿಯಿದೆಯಾ ಎಂದು ನೋಡಲು ಟ್ರ್ಯಾಕ್ ಬಂದ್ ಮಾಡಿ, ಸೋಲೋ ಒಂದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಮಾರನೇ ದಿನ ಕೇಳುವಾಗ ಡಿ ಎಲ್ಲಿ ಬಂತು, ಇ ಎಲ್ಲಿ ಬಂತು ಎಂದು ಹಿನ್ನೆಲೆಯಿಲ್ಲದೆಯೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮತ್ತೆ ಎರಡು ತಂತಿಯ ಅಭ್ಯಾಸಕ್ಕೆ ವಾಪಸ್.

ಬಲಗೈ ಬಗ್ಗೆ ಚಿಕ್ಕದಾಗಿ. ಪಿಕ್ ಜೊತೆಗೆ ಮಧ್ಯದ ಬೆರಳು, ಉಂಗುರ ಬೆರಳು ಎರಡನ್ನೂ ಬಳಸಿ. 1956ರಲ್ಲಿ ಗಾಯಕ ಜೀನ್ ವಿನ್ಸೆಂಟ್ ಜೊತೆ ನುಡಿಸಿದ ಕ್ಲಿಫ್ ಗ್ಯಾಲಪ್ ಆ ಎರಡು ಬೆರಳಿಗೆ ಫಿಂಗರ್‌ಪಿಕ್ ಹಾಕುತ್ತಿದ್ದರು. ನಿಮಗೆ ಸದ್ಯಕ್ಕೆ ಬರಿ ಬೆರಳು ಸಾಕು. ಅಂಗೈಯ ಅಂಚು ಬ್ರಿಡ್ಜ್ ಮೇಲೆ ಒರಗಿರಲಿ, ದಪ್ಪ ತಂತಿಗಳು ಗುಂಯ್ ಎನ್ನಬಾರದು. ತಂತಿ 11ರ ದಪ್ಪ ಸೆಟ್ ಹಾಕಿ. 9ರ ಸೆಟ್‌ನಲ್ಲಿ (ತೆಳುವಾದದ್ದು) ಬೆಂಡ್ ಮಾಡುವ, ಅಂದರೆ ತಂತಿ ಎಳೆದು ಸ್ವರ ಏರಿಸುವ, ಚಟ ಬಿಡಲ್ಲ, ಈ ಶೈಲಿಗೆ ಅರ್ಧ ಸ್ವರದ ಬೆಂಡ್ ಸಾಕು.

ಗ್ರೆಟ್ಶ್ ವಿಷಯ: ಬೇಡ. ಗಾಯಕ ರಿಕಿ ನೆಲ್ಸನ್ ಜೊತೆ ಜೇಮ್ಸ್ ಬರ್ಟನ್ ನುಡಿಸಿದ್ದು ಟೊಳ್ಳಿಲ್ಲದ ಗಟ್ಟಿ ಬಾಡಿಯ ಟೆಲಿಕಾಸ್ಟರ್ ಗಿಟಾರ್. ನಿಮ್ಮ ಹತ್ತಿರ ಸ್ಟ್ರಾಟ್ ಗಿಟಾರಿನ ನಕಲು ಇದ್ದರೂ ಸಾಕು, ಅದರ ಸ್ವಿಚ್ಚನ್ನು ನೆಕ್ ಪಿಕಪ್‌ಗೆ ಇಟ್ಟು, ಆಂಪ್‌ನ ಗೇನ್ ಜೋರಾಗಿ ಮೀಟಿದಾಗ ಮಾತ್ರ ಚೂರು ಒಡೆಯುವಷ್ಟು ಇಡಿ. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಒಂದು ಡಿಲೇ ಪೆಡಲ್ ತಗೊಳ್ಳಿ. ಸನ್ ಸ್ಟುಡಿಯೋದಲ್ಲಿ ಎರಡು ಟೇಪ್ ಮಷಿನ್ ಇಟ್ಟು ಮಾಡುತ್ತಿದ್ದ ಚುಟುಕು ಮಾರ್ದನಿ, ಅಂದರೆ ಸ್ಲ್ಯಾಪ್‌ಬ್ಯಾಕ್ ಅದರಲ್ಲೇ ಸಿಗುತ್ತೆ: ಟೈಮ್ 120ರಿಂದ 140 ಮಿಲಿಸೆಕೆಂಡ್, ರಿಪೀಟ್ ಒಂದೇ ಒಂದು, ಮಿಕ್ಸ್ ಮೂರನೇ ಒಂದರಷ್ಟು. ರಿಪೀಟ್ ಎರಡು ಮೂರು ಆದರೆ ವೇಗದ ಹಾಡಿನಲ್ಲಿ ಸ್ವರಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತೆ.

ಸ್ಟೇಜ್‌ಗೆ ಹೋದಾಗ ಇನ್ನೊಂದು ತಾಪತ್ರಯ ಕಾದಿರುತ್ತೆ. ಗಣಪತಿ ಪೆಂಡಾಲ್ ಇರಲಿ, ಕಲ್ಯಾಣ ಮಂಟಪ ಇರಲಿ, ನಮ್ಮ ಸೌಂಡ್‌ನವರು ಮಿಕ್ಸರ್‌ನಲ್ಲಿ ತಾವೇ ಧಾರಾಳವಾಗಿ ಎಕೋ ಹಾಕಿರುತ್ತಾರೆ. "ಅಣ್ಣಾ, ಗಿಟಾರ್ ಚಾನೆಲ್‌ಗೆ ಎಕೋ ಬೇಡ" ಎಂದು ಚೆಕಿಂಗ್ ಸಮಯದಲ್ಲೇ ಹೇಳಿ, ಹಾಡು ಶುರುವಾದ ಮೇಲೆ ಸನ್ನೆ ಮಾಡಿದರೆ ಅವರು ವಾಲ್ಯೂಮ್ ಏರಿಸುತ್ತಾರೆ. ರಿದಮ್ ಪ್ಯಾಡ್‌ನವರಿಗೆ ಶಫಲ್ (ಕುಂಟುತ್ತಾ ಸಾಗುವ ನಡೆ) ಕೊಡಿ ಅನ್ನಿ, ಫಿಲ್ಲರ್ ಕಡಿಮೆ ಇರಲಿ. ಕೀಬೋರ್ಡ್‌ನವರು ಎಡಗೈಯಲ್ಲಿ ಅಕೂಸ್ಟಿಕ್ ಬೇಸ್ ಟೋನ್ ಇಟ್ಟು ಕಾರ್ಡಿನ ಒಂದನೇ, ಐದನೇ ಸ್ವರ ಮಾತ್ರ ನಡೆಸಲಿ. ಬಲಗೈಯಲ್ಲಿ ಸ್ಟ್ರಿಂಗ್ಸ್ ಟೋನ್ ಒತ್ತಿ ಹಿಡಿಯಲು ಬಿಡಬೇಡಿ. ಹಾಗೆ ಹಿಡಿದರೆ ನಿಮ್ಮ ಜಿ–ಎಫ್ ಶಾರ್ಪ್ ಯಾರಿಗೂ ಕೇಳಲ್ಲ.